ಅವಸರವಿಲ್ಲ, ತೊಂದರೆಯಿಲ್ಲ

ಅವರು ಒಪ್ಪಿದ್ದಾರೆ ಎಂದು ನಾನು ನಿನಗೆ ಹೇಳಿದ್ದು ಸುಳ್ಳು, ವಸುಧಾ. ಯಾರೂ ಏನನ್ನೂ ಒಪ್ಪಿರಲಿಲ್ಲ. ಅದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು — ಆಮೇಲೆ ಹೊಳೆದದ್ದಲ್ಲ.

ವಿಶಾಖಪಟ್ಟಣದ ಕಾಲೇಜಿನಲ್ಲಿ ನಾನು ನಿನಗೆ ಚರಿತ್ರೆ ಕಲಿಸುತ್ತಿದ್ದೆ. ಜರ್ಮನಿಯ ಸರ್ವಾಧಿಕಾರಿ ಮತ್ತು ರಷ್ಯಾದ ಸರ್ವಾಧಿಕಾರಿ ಮಾಡಿಕೊಂಡ ಒಪ್ಪಂದದ ಪಾಠ ನನಗೆ ಬಾಯಿಪಾಠವಾಗಿತ್ತು. ಹೊರಗೆ ಶಾಂತಿಯ ಸಹಿ, ಒಳಗೆ ಪೋಲೆಂಡನ್ನು ಹಂಚಿಕೊಳ್ಳುವ ಗುಟ್ಟು. ಸಹಿ ಆರುವ ಮೊದಲೇ ಯುದ್ಧ. ಎರಡು ವರ್ಷ ಕಳೆಯುವುದರೊಳಗೆ ಆ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ತರಗತಿ ಮುಗಿದ ಮೇಲೆ ನೀನು ಬಂದು, ಮನೆಯ ಕನ್ನಡದಲ್ಲಿ ಕೇಳಿದ್ದೆ: “ಮೇಡಂ, ಆ ಪೋಲೆಂಡಿನವ್ರನ್ನ ಯಾರೂ ಒಂದ್ ಮಾತ್ ಕೇಳಲೇ ಇಲ್ಲೇನ್ರೀ?”

ಎಷ್ಟು ಒಳ್ಳೆಯ ಪ್ರಶ್ನೆ ಎಂದು ಬೆನ್ನು ತಟ್ಟಿದ್ದೆ. ಆದರೆ ಅದನ್ನು ನನಗೆ ನಾನು ಕೇಳಿಕೊಳ್ಳಲಿಲ್ಲ.

ನಿನ್ನ ತಂದೆ ಕುಲಕರ್ಣಿಯವರು ಧಾರವಾಡದ ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರು. ಅವರು ಊಟಕ್ಕೆ ಕೂತರೆ ಮನೆಯಲ್ಲಿ ಉಳಿದವರು ಕೆಮ್ಮುವುದಕ್ಕೂ ಹೆದರುತ್ತಿದ್ದರು. ನೀನು ಮೆಚ್ಚಿದ ರವಿ ನನ್ನ ಗಂಡನ ದಾಯಾದಿ ಅಣ್ಣನ ಮಗ. ಆ ಅಣ್ಣನನ್ನು ನಾನು ಬಾವಗಾರು ಎನ್ನುತ್ತಿದ್ದೆ. ವಿಜಯವಾಡದ ಆಟೋನಗರ್‌ನಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡು ಅವರದು. ಅಲ್ಲಿ ಕೆಲಸಗಾರರೂ ಮಕ್ಕಳೂ ಒಂದೇ ರೀತಿ ಕೈಕಟ್ಟಿ ನಿಲ್ಲಬೇಕು. ನಿಮ್ಮಪ್ಪ, ಬಾವಗಾರು ಇಬ್ಬರಿಗೂ ಈ ಸಂಬಂಧ ಬೇಡವಾಗಿತ್ತು. ಎರಡು ಭಾಷೆಯೂ ಬಲ್ಲವಳು ನಾನೊಬ್ಬಳೇ — ದಾವಣಗೆರೆಯ ಹುಡುಗಿ, ತೆಲುಗು ಮನೆಯ ಸೊಸೆ.

ಸಂಧಾನ ಶುರುಮಾಡಿದೆ. ನಿಮ್ಮಪ್ಪ “ಆ ಲಾರಿಯವ” ಎಂದದ್ದು ನನ್ನ ಬಾಯಲ್ಲಿ “ಆ ಹಿರಿಯರು” ಆಯಿತು. ಬಾವಗಾರು ಬೈದದ್ದು ದಾರಿಯಲ್ಲೇ ಬೆಲ್ಲವಾಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ನಾನು ನಗುನಗುತ್ತಲೇ ಮಾಡಿದೆ. ನನಗೆ ಅದರಲ್ಲಿ ಹೆಮ್ಮೆಯಿತ್ತು, ಮುಚ್ಚಿಡುವುದೇಕೆ — ಇಬ್ಬರು ಸಿಡುಕರನ್ನು ಪಳಗಿಸಿದ ಹೆಂಗಸು ಎಂಬ ಹೆಮ್ಮೆ.

ನಿನ್ನದು ಒಂದೇ ಷರತ್ತು. ಹೈದರಾಬಾದಿನಲ್ಲಿ ಎಂ.ಎ.ಗೆ ಸೀಟು ಸಿಕ್ಕಿತ್ತು. ಮದುವೆಯಾದರೂ ಓದು ಮುಗಿಸಬೇಕು. “ನೀವ ಹೇಳ್ರಿ ಮೇಡಂ, ನಿಮ್ಮ ಮಾತು ಕೇಳ್ತಾರ,” ಎಂದೆ ನೀನು. ಹೇಳುತ್ತೇನೆ ಎಂದು ನಿನ್ನ ಕೈಮೇಲೆ ಕೈಯಿಟ್ಟಿದ್ದೆ.

ಮಾತುಕತೆ ಭೀಮುನಿಪಟ್ಟಣದ ನಮ್ಮ ಮನೆಯಲ್ಲಿ ನಡೆಯಿತು. ಹಜಾರದಲ್ಲಿ ಅವರಿಬ್ಬರಿಗೂ ಎದುರುಬದುರು ಕುರ್ಚಿ, ನಡುವೆ ನನ್ನದು. ನಿನ್ನನ್ನು ನಾನೇ ಅಡಿಗೆಮನೆಯಲ್ಲಿ ಕಾಫಿ ಸೋಸಲು ಕೂರಿಸಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಬಾವಗಾರು ಕೇಳಿದರು: “ಮರಿ ಅಮ್ಮಾಯಿ ಪೈ ಚದುವು ಸಂಗತಿ?” ಹುಡುಗಿಯ ಮುಂದಿನ ಓದಿನ ವಿಚಾರ.

ನಿಮ್ಮಪ್ಪನಿಗೆ ತಮ್ಮ ತೆಲುಗಿನ ಬಗ್ಗೆ ಬಹಳ ಅಭಿಮಾನ. ನನ್ನ ಕಡೆಗೆ ತಿರುಗದೆ ತಾವೇ ಅಂದರು: “ಅವಸರಂ ಲೇದಂಡಿ!”

ಕಾಲೇಜು ತೆರೆಯಲು ಇನ್ನೂ ತಿಂಗಳುಗಳಿವೆ, ಅವಸರವಿಲ್ಲ, ನಿಧಾನವಾಗಿ ಮಾತಾಡೋಣ — ಅವರ ಮನಸ್ಸಿನಲ್ಲಿದ್ದದ್ದು ಅದು. ಆದರೆ ತೆಲುಗಿನಲ್ಲಿ ಅವಸರಂ ಅಂದರೆ ಅಗತ್ಯ. ಓದಿನ ಅಗತ್ಯವಿಲ್ಲ ಎಂದು ಹುಡುಗಿಯ ತಂದೆಯೇ ಹೇಳಿದಂತಾಯಿತು. ಬಾವಗಾರ ಮುಖ ಅರಳಿತು. “ಅಯಿತೇ ಮಾಕೂ ತೊಂದರ ಲೇದು,” ಎಂದರು. ತೆಲುಗಿನ ತೊಂದರ ಅಂದರೆ ಆತುರ: ಓದೇ ಇಲ್ಲದ ಮೇಲೆ ಕಾಲೇಜು ತೆರೆಯುವ ಮೊದಲೇ ಮದುವೆ ಮುಗಿಸುವ ಆತುರ ನಮಗೂ ಇಲ್ಲ ಎಂದರ್ಥ. ನಿಮ್ಮಪ್ಪನಿಗೆ ಕೇಳಿಸಿದ್ದು ನಮ್ಮ ಕನ್ನಡದ ತೊಂದರೆ: ಓದಿದರೆ ನಮಗೇನೂ ತೊಂದರೆಯಿಲ್ಲ. ಅವರ ಮುಖವೂ ಅರಳಿತು.

ಇಬ್ಬರೂ ಎದ್ದು ಕೈಹಿಡಿದುಕೊಂಡರು. ಎದುರಿನವನು ಬಾಗಿದ ಎಂದು ಇಬ್ಬರಿಗೂ ಸಂತೋಷ. ಏನಂದಿರಿ ಎಂದು ಇನ್ನೊಮ್ಮೆ ಕೇಳುವುದು ಅಂಥವರಿಗೆ ಆಗದ ಕೆಲಸ, ಕೇಳಿದರೆ ಸಣ್ಣವರಾದಂತೆ. ಬಿಡಿಸಿ ಹೇಳಬೇಕಾದವಳು ನಾನು. ಒಂದು ಮಾತು ಸಾಕಿತ್ತು — ತಡೀರಿ, ನೀವಿಬ್ಬರೂ ಹೇಳುತ್ತಿರುವುದು ಬೇರೆ ಬೇರೆ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟು ತಿಂಗಳು ಓಡಾಡಿ ಕಟ್ಟಿದ್ದು ಕುಸಿದುಬಿದ್ದರೆ... ಮುಂದೆ ನೋಡಿಕೊಂಡರಾಯಿತು ಎಂದುಕೊಂಡೆ. ವೀಳ್ಯದೆಲೆಯ ತಟ್ಟೆ ತಂದು ಇಬ್ಬರ ಮುಂದೆ ಹಿಡಿದೆ.

ಅಡಿಗೆಮನೆಯಲ್ಲಿ ನೀನು ಕಣ್ಣಲ್ಲೇ ಕೇಳಿದೆ. ನಾನು ಹೇಳಿದೆ: “ಒಪ್ಪಿದ್ದಾರೆ ಹೋಗು, ಕಾಫಿ ಕೊಡು.”

ಮದುವೆ ಚೆನ್ನಾಗಿಯೇ ಆಯಿತು. ಮಳೆಗಾಲಕ್ಕೆ ಕಾಲೇಜು ತೆರೆಯಿತು. ನಿನ್ನನ್ನು ಹೈದರಾಬಾದಿಗೆ ಕರೆದೊಯ್ಯಲು ನಿಮ್ಮಪ್ಪ ವಿಜಯವಾಡಕ್ಕೆ ಹೊರಟಾಗ, ಜೊತೆಗೆ ಬನ್ನಿ ಎಂದು ನನ್ನನ್ನೂ ಕರೆದರು. ನಾವು ತಲುಪುವಷ್ಟರಲ್ಲಿ ನಿನ್ನ ಟ್ರಂಕು ಸಿದ್ಧವಾಗಿತ್ತು. ಬಾಗಿಲಿಗೆ ಅಡ್ಡವಾಗಿ ಬಾವಗಾರು ನಿಂತಿದ್ದರು.

“ಚದುವು ಅವಸರಂ ಲೇದನಿ ಮೀರೇ ಅನ್ನಾರು ಕದಂಡೀ!” — ಓದು ಬೇಡ ಅಂದದ್ದು ನೀವೇ ಅಲ್ಲವೇ!

ನಿಮ್ಮಪ್ಪ ಸಿಟ್ಟಿನಲ್ಲಿ ಕನ್ನಡಕ್ಕೇ ತಿರುಗಿದರು: “ತೊಂದರಿ ಇಲ್ಲ ಅಂತ ನನ್ನ ಮುಂದ ಅಂದು, ಈಗ ಉಲ್ಟಾ ಹೊಡೀತೀರೇನು? ಮೇಡಂ, ಸಾಕ್ಷಿ ನೀವ ಅದೀರಿ. ಅವತ್ತು ಯಾರು ಏನಂದ್ರು, ಹೇಳ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ನೀನು ಕೂಡ. ರವಿ ಮಾತ್ರ ನೆಲ ನೋಡುತ್ತಿದ್ದ. ಅದು ನನಗೆ ಸಿಕ್ಕಿದ ಎರಡನೆಯ ಅವಕಾಶ, ವಸುಧಾ. ಅಂದು ಸುಮ್ಮನಿದ್ದವಳು ನೀನೇ ಎಂದು ಇಬ್ಬರೂ ನನ್ನ ಮೇಲೆ ಬಿದ್ದಾರು ಎಂದು ಹೆದರಿದೆ. “ನನಗೆ ಸರಿಯಾಗಿ ನೆನಪಿಲ್ಲ,” ಎಂದೆ.

ಆಮೇಲೆ ಯುದ್ಧವೇ. ಈಗ ನನ್ನ ಜೊತೆ ಬರದಿದ್ದರೆ ತವರಿಲ್ಲ ಎಂದರು ನಿಮ್ಮಪ್ಪ. ಹೊಸ್ತಿಲು ದಾಟಿದರೆ ಮತ್ತೆ ಬರಬೇಡ ಎಂದರು ಬಾವಗಾರು. ಇಬ್ಬರೂ ಆಡಿದ ಮಾತನ್ನು ನಡೆಸಿಯೇ ತೀರುವವರು. ನೀನು ಟ್ರಂಕಿನ ಮೇಲೆ ಕುಳಿತುಬಿಟ್ಟೆ. ಹೈದರಾಬಾದಿನ ಸೀಟು ಹೋಯಿತು. ತವರೂ ಹೋಯಿತು. ನಿಮ್ಮಮ್ಮ ರೈಲಿನಲ್ಲಿ ಆ ಕಡೆ ಹೋಗುವಾಗ ವಿಜಯವಾಡ ಸ್ಟೇಷನ್ನಿನ ಕಿಟಕಿಯಲ್ಲಿ ನಿನ್ನ ಕೈ ಹಿಡಿದುಕೊಳ್ಳುತ್ತಿದ್ದರಂತೆ, ಗಾಡಿ ಬಿಡುವವರೆಗೆ. ಅವರೇ ನನಗೆ ಹೇಳಿದ್ದರು. ಆಗಲೂ ನಾನು ಬಾಯಿ ಬಿಡಲಿಲ್ಲ. ನಿಮ್ಮಪ್ಪ ತೀರಿಕೊಂಡರು — ಬೀಗರು ಮಾತಿಗೆ ತಪ್ಪಿದವರು ಎಂದು ನಂಬಿಕೊಂಡೇ. ನಿನ್ನ ಮಾವ ಇವತ್ತಿಗೂ, ನೀನು ಅನ್ನ ಬಡಿಸುತ್ತಿರುವಾಗಲೇ, ನಿಮ್ಮಪ್ಪನನ್ನು ಸುಳ್ಳುಗಾರ ಎನ್ನುತ್ತಾರಂತೆ.

ಹೋದ ಸಲ ಸಿಕ್ಕಾಗ ನೀನು ಕೇಳಿದೆ: “ಮೇಡಂ, ಈಗರ ಹೇಳ್ರಿ, ಇಬ್ಬರೊಳಗ ಸುಳ್ಳ ಹೇಳಿದವ್ರು ಯಾರು?” ನಾನು ಸೆರಗು ಸರಿಮಾಡಿಕೊಂಡು ಬೇರೆ ಮಾತು ತೆಗೆದೆ.

ಈ ವಾರ ವಿಜಯವಾಡಕ್ಕೆ ಬರುತ್ತಿದ್ದೇನೆ. ಬಾವಗಾರ ಎದುರಿಗೇ ಹೇಳುತ್ತೇನೆ, ಎರಡು ಭಾಷೆಯಲ್ಲೂ. ಕ್ಷಮಿಸು ಎನ್ನುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ಆ ದಿನ ನೀನು ಮಾತ್ರ ಕಾಫಿ ಮಾಡಬೇಡ. ನಡುವಿನ ಕುರ್ಚಿ ನಿನ್ನದು, ಬಂದು ಕೂತುಕೋ. ಅವರಿಬ್ಬರೂ ಸುಳ್ಳು ಹೇಳಿರಲಿಲ್ಲ, ವಸುಧಾ. ಹೇಳಿದವಳು ನಾನು.