ಒಂದನೇ ನಂಬರಿನ ಮಾವ

ನನ್ನ ಸೋದರಮಾವನಿಗೆ ಎರಡನೆಯವನಾಗುವುದೆಂದರೆ ಜೀವ ಹೋದಷ್ಟು ಸಂಕಟ. ಬಸ್ಸಿನ ಮೊದಲ ಸೀಟು, ಕ್ಷೌರದಂಗಡಿಯ ಮೊದಲ ಕುರ್ಚಿ ಅವರಿಗೇ ಬೇಕು. ಸಾವಿನ ಮನೆಯಲ್ಲೂ ಮೊದಲ ಅಳು ಅವರದೇ. ನಮ್ಮ ಓಣಿಯ ವಾಚನಾಲಯ ಸಂಘ ಕಟ್ಟಿದವರು ಅವರು, ಅಂದಿನಿಂದ ಅಧ್ಯಕ್ಷರೂ ಅವರೇ. ಈ ಸಲದ ಚುನಾವಣೆಗೆ ಮಾತ್ರ ಡ್ರಿಲ್ ಮಾಸ್ತರು ಎದುರು ನಿಂತಿದ್ದರು. ಕುರ್ಚಿ ಅಲುಗಾಡತೊಡಗಿತ್ತು, ಮಾವನಿಗೆ ಊಟ ಸೇರುತ್ತಿರಲಿಲ್ಲ.

ಅದೇ ಹೊತ್ತಿಗೆ ಸದಸ್ಯರನ್ನೆಲ್ಲ ಕಂಪ್ಯೂಟರಿಗೆ ಸೇರಿಸುವ ಕೆಲಸ ಶುರುವಾಯಿತು. ಬಾಗಿಲು ತೆಗೆಯುವ ಮೊದಲೇ ಮಾವ ಮೆಟ್ಟಿಲ ಮೇಲೆ ಹಾಜರು. ಟೈಪಿಸ್ಟ್ ಹುಡುಗಿ ಅವರ ಹೆಸರು ಹೊಡೆದಳು. ಪರದೆಯ ಮೇಲೆ ‘ಎರಡು’ ಎಂದು ಬಂತು.

“ಒಂದು ಯಾರು?”

“ಯಾರೂ ಇಲ್ಲ ಅಂಕಲ್. ಸರಿಯಾಗಿದೆಯಾ ಅಂತ ನೋಡೋಕೆ ನಿನ್ನೆ ‘ಅಬಕ’ ಅಂತ ಒಂದು ಸಾಲು ಹಾಕಿ, ರದ್ದು ಮಾಡಿದೆ. ಪಟ್ಟಿಗೆ ಸಾಲು ಸೇರಿದ ಹಾಗೆ ನಂಬರ್ ತಾನಾಗೇ ಬೀಳುತ್ತೆ. ಒಮ್ಮೆ ಬಿದ್ದಿದ್ದನ್ನ ಇನ್ನೊಬ್ರಿಗೆ ಕೊಡಲ್ಲ.”

“ಸಂಘ ಕಟ್ಟಿದವನು ನಾನು, ಒಂದನೇ ನಂಬರ್ ಅಬಕನಿಗಾ?”

ಹಿಂದೆಯೇ ಇದ್ದ ಡ್ರಿಲ್ ಮಾಸ್ತರಿಗೆ ಮೂರು ಬಂತು. ಅವರು ನಂಬರಿನ ಚೀಟಿ ಜೇಬಿಗಿಳಿಸಿ ಮನೆಗೆ ಹೋದರು. ಮಾವ ಮಾತ್ರ ದಿನವೂ ಹೋಗಿ ಹುಡುಗಿಯ ತಲೆ ತಿಂದರು. ರೋಸಿಹೋದ ಅವಳು ರದ್ದಾದ ಸಾಲನ್ನೇ ಹೊರತೆಗೆದು, ಅಬಕನನ್ನು ಅಳಿಸಿ ಮಾವನ ಹೆಸರು ಕೂರಿಸಿದಳು. ಒಬ್ಬರೇ ಎರಡು ಕಡೆ ಇರಬಾರದೆಂದು ಎರಡನೇ ಸಾಲನ್ನು ತೆಗೆದುಹಾಕಿದಳು.

“ಒಂದು ಕೆಲಸ ಬಾಕಿ ಇದೆ ಅಂಕಲ್. ‘ರದ್ದು’ ಅನ್ನೋ ಗುರುತು ಹಾಗೇ ಇದೆ. ಅದನ್ನ ತೆಗೆಯೋಕೆ ಕಾರ್ಯದರ್ಶಿ ಒಪ್ಪಿಗೆ ಬೇಕು.”

ಕಾರ್ಯದರ್ಶಿ ಡ್ರಿಲ್ ಮಾಸ್ತರ ಭಾವಮೈದುನ.

“ಅವನ ಹತ್ರ ನಾನು ಕೈ ಮುಗೀಬೇಕಾ? ನಂಬರ್ ಸಿಕ್ತಲ್ಲ, ಗುರುತು ಗಿರುತು ಯಾರು ನೋಡ್ತಾರೆ!”

ಮಾವ ಒಂದನೇ ನಂಬರಿನ ಚೀಟಿಯನ್ನು ಎದೆಗೆ ಸಿಕ್ಕಿಸಿಕೊಂಡು ಓಣಿಯೆಲ್ಲ ಸುತ್ತಿದರು.

“ಸ್ನಾನಕ್ಕಾದ್ರೂ ತೆಗೀತೀರೋ ಇಲ್ವೋ?” ಎಂದು ಅತ್ತೆ ಕೇಳಿದರು. ಮತ ಕೇಳಲು ಮಾತ್ರ ಮಾವ ಯಾರ ಮನೆಗೂ ಹೋಗಲಿಲ್ಲ. ಒಂದನೇ ನಂಬರಿನವರು ಬೇಡುವುದುಂಟೇ?

ಚುನಾವಣೆಯ ದಿನ ಕಂಪ್ಯೂಟರೇ ಪಟ್ಟಿ ಕೊಟ್ಟಿತ್ತು. ಮತಪೆಟ್ಟಿಗೆಯ ಪಕ್ಕ ಕೂತವರು ಹಾಳೆಯನ್ನು ಮೇಲೆ ಕೆಳಗೆ ನೋಡಿ, “ನಿಮ್ಮ ಹೆಸರಿಲ್ವಲ್ಲ ಸಾರ್” ಎಂದರು.

“ಕಣ್ಣು ಬಿಟ್ಟು ನೋಡ್ರೀ, ಒಂದನೇ ನಂಬರ್!”

“ಪಟ್ಟಿ ಮೂರರಿಂದ ಶುರುವಾಗುತ್ತೆ ಸಾರ್. ಸ್ಪರ್ಧೆಗೆ ನಿಮ್ಮ ನಾಮಪತ್ರ ಮೊದಲೇ ಒಪ್ಪಿಯಾಗಿದೆ, ಆದ್ರೆ ರದ್ದಾದವರಿಗೆ ಮತ ಇಲ್ಲ.”

ಮಾವ ಹಾರಾಡಿದರು, ಚೀಟಿ ಕಿತ್ತು ಮೇಜಿನ ಮೇಲೆ ಬಡಿದರು. ನನಗೆ ನಗು ಒತ್ತರಿಸಿ ಬಂತು. ಅತ್ತೆಯ ಮುಖ ನೋಡಿ ನುಂಗಿಕೊಂಡೆ. ಸಂಜೆ ಎಣಿಕೆ ಮುಗಿದಾಗ ಡ್ರಿಲ್ ಮಾಸ್ತರು ಒಂದೇ ಒಂದು ಮತದಿಂದ ಗೆದ್ದಿದ್ದರು.

ಎಲ್ಲರೂ ಹೋದ ಮೇಲೆ ಮಾವ ಹುಡುಗಿಯ ಮೇಜಿನ ಮುಂದೆ ನಿಂತರು.

“ನನ್ನ ಮತ ಬಿದ್ದಿದ್ರೆ?”

“ಸಮ ಆಗ್ತಿತ್ತು. ಸಮ ಆದ್ರೆ ಕಡಿಮೆ ನಂಬರಿನವರು ಗೆದ್ದ ಹಾಗೆ. ನೀವೇ ಬರೆದ ನಿಯಮ ಅಲ್ವಾ?”

“ಹಾಗಾದ್ರೆ...”

“ಎರಡೇ ಸಾಕಿತ್ತು ಅಂಕಲ್.”