ಪಿಲಿಯ ಕಡೆಯ ಐದು ವಾರ

2022ರ ಅಕ್ಟೋಬರಿನಲ್ಲಿ ನಾನು ದೆಹಲಿಯ ರೋಹಿಣಿಯಲ್ಲಿದ್ದ ಒಂದು ಖಾಸಗಿ ಪ್ರಾಣಿ ಚಿಕಿತ್ಸಾಲಯದಲ್ಲಿ ಹಿರಿಯ ವೈದ್ಯೆಯಾಗಿದ್ದೆ. ಊರಿನಲ್ಲಿ ಎಮ್ಮೆ, ಹಸುಗಳನ್ನು ನೋಡಿ ಅಭ್ಯಾಸವಿದ್ದ ನಾನು ಬೆಕ್ಕುಗಳನ್ನು ಅರ್ಥಮಾಡಿಕೊಂಡದ್ದು ಇಲ್ಲಿಗೆ ಬಂದ ಮೇಲೆಯೇ.

ಒಂದು ಮಂಗಳವಾರ ಬೆಳಿಗ್ಗೆ ಸಂಜೀವಣ್ಣ ಮತ್ತು ಅವರ ಹೆಂಡತಿ ಜಲಜಕ್ಕ ತರಕಾರಿ ಬುಟ್ಟಿಯಲ್ಲಿ ಒಂದು ಮುದಿ ಬೆಕ್ಕನ್ನು ತಂದರು. ಉಡುಪಿ ಕಡೆಯ ಸಂಜೀವಣ್ಣ ಕರೋಲ್ ಬಾಗಿನ ಹೋಟೆಲೊಂದರ ಅಡುಗೆಮನೆ ನೋಡಿಕೊಂಡು ನಿವೃತ್ತರಾದವರು. ಹೋಟೆಲಿನ ಹಿತ್ತಲಲ್ಲಿ ಹುಟ್ಟಿದ ಪಟ್ಟೆಪಟ್ಟೆಯ ಮರಿಯನ್ನು ಮನೆಗೆ ತಂದು ‘ಪಿಲಿ’ ಎಂದು ಹೆಸರಿಟ್ಟಿದ್ದರು. ತುಳುವಿನಲ್ಲಿ ಹಾಗೆಂದರೆ ಹುಲಿ. ನನ್ನ ಹತ್ತಿರ ತಂದಾಗ ಅದಕ್ಕೆ ಹದಿನಾರು ವರ್ಷ.

ಹಿಂದಿನ ವರ್ಷ ಲಸಿಕೆಗೆ ಬಂದಾಗ ನಾಲ್ಕು ಕಿಲೋ ಇದ್ದ ಪಿಲಿ ಈಗ 2.6 ಕಿಲೋ ತೂಗಿತು. ಬಾಯಲ್ಲಿ ಅಮೋನಿಯದ ಘಾಟು, ನಾಲಿಗೆಯ ಅಂಚಿನಲ್ಲಿ ಹುಣ್ಣು. ರಕ್ತದ ವರದಿಯಲ್ಲಿ ಕ್ರಿಯಾಟಿನಿನ್ 7.4. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಲ್ಮಷ ಅದು. ಬೆಕ್ಕಿನಲ್ಲಿ ಎರಡರ ಆಚೀಚೆ ಇರಬೇಕು, ಐದು ದಾಟಿದರೆ ಕೊನೆಯ ಹಂತ.

“ಕಿಡ್ನಿ ಪೂರ್ತಿ ಹೋಗಿದೆ. ವಯಸ್ಸೂ ಆಗಿದೆ. ಇನ್ನು ಎಳೆದಾಡಿಸುವುದರಲ್ಲಿ ಅರ್ಥವಿಲ್ಲ, ಇಂಜೆಕ್ಷನ್ ಕೊಟ್ಟು ನೋವಿಲ್ಲದೆ ಕಳಿಸಿಬಿಡುವುದು ಒಳ್ಳೆಯದು,” ಎಂದೆ. ಆ ಮಾತು ಎಷ್ಟೋ ಜನರ ಮುಂದೆ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು.

ಸಂಜೀವಣ್ಣ ಎಡ ತೋಳಿನ ಅಂಗಿ ಮೇಲೆ ಸರಿಸಿದರು. ಮೊಣಕೈ ಹತ್ತಿರ ರಕ್ತನಾಳ ಹಗ್ಗದಂತೆ ಉಬ್ಬಿಕೊಂಡಿತ್ತು, ಮೇಲೆಲ್ಲ ಸೂಜಿಯ ಗುರುತು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಾಡಿಸಿಕೊಳ್ಳುವವರ ತೋಳು.

“ನನ್ನ ಕ್ರಿಯಾಟಿನಿನ್ ಒಂಬತ್ತು ಉಂಟು ಡಾಕ್ಟ್ರೇ. ನನಗೂ ವಯಸ್ಸಾಯ್ತು. ನನ್ನನ್ನು ಎಂತ ಮಾಡುವುದು?”

ಮನುಷ್ಯರ ಲೆಕ್ಕವೇ ಬೇರೆ, ನಿಮಗೆ ಡಯಾಲಿಸಿಸ್ ಇದೆ, ಇದಕ್ಕೆ ಇಲ್ಲಿ ಆ ಸೌಲಭ್ಯ ಇಲ್ಲ ಎಂದು ವಿವರಿಸಬಹುದಿತ್ತು. ಅದರ ಬದಲು “ಸಲೈನ್ ಕೊಟ್ಟು ನೋಡೋಣ,” ಎಂದುಬಿಟ್ಟೆ.

ಭುಜಗಳ ನಡುವಿನ ಚರ್ಮವನ್ನು ಎತ್ತಿ ಹಿಡಿದು, ಅದರಡಿಗೆ ಸೂಜಿ ಹಾಕಿ ದಿನಕ್ಕೆ ನೂರು ಎಂಎಲ್ ದ್ರವ ಬಿಡುವುದನ್ನು ಜಲಜಕ್ಕನಿಗೆ ಕಲಿಸಿದೆ. ಮೊದಲ ದಿನ ಅರ್ಧ ದ್ರವ ಹೊರಗೇ ಸೋರಿತು. ಎರಡನೆಯ ವಾರಕ್ಕೆ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಪರದೆಯ ಕಂಬಿಗೆ ತೂಗುಹಾಕಿ, ಒಬ್ಬರೇ ಮುಗಿಸುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಸಂಜೀವಣ್ಣ. ಅವರಿಗೆ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಕುಡಿಯುವಂತಿರಲಿಲ್ಲ. “ಅಚ್ಛಾ, ಇದಕ್ಕೆ ಕೊಟ್ಟಷ್ಟೂ ಒಳ್ಳೆಯದು, ನನಗೆ ಮಾತ್ರ ಅಳತೆ,” ಎಂದು ಒಮ್ಮೆ ನಕ್ಕರು.

ಪ್ರತಿ ಮಂಗಳವಾರ ಪಿಲಿಯನ್ನು ತೂಗುತ್ತಿದ್ದೆ. 2.5. 2.3. ದೀಪಾವಳಿಯ ನಂತರ ಹೊಗೆ ಇಳಿದು ಊರೆಲ್ಲ ಮಬ್ಬಾದ ವಾರ, 2.1. ಆ ದಿನ ಸಂಜೀವಣ್ಣ ಕೆಮ್ಮುತ್ತ ಹೊರಗೆ ಕೂತಿದ್ದರು. ಜಲಜಕ್ಕ ಕೋಣೆಯ ಬಾಗಿಲು ಮುಚ್ಚಿ ಕೇಳಿದರು.

“ಸರಿಯಾಗಿ ಹೇಳಿ, ಇದು ಉಳಿಯುತ್ತದಾ?”

“ಇಲ್ಲ ಜಲಜಕ್ಕ.”

“ಮತ್ತೆ ಅವರಿಗೆ ಯಾಕೆ ಹೇಳುವುದಿಲ್ಲ ನೀವು?”

“ನೀವೇ ನಿಧಾನಕ್ಕೆ ಹೇಳಿ.”

“ನಾನು ಹೇಳಿದರೆ ಅವರಿಗೆ ಬೇರೆಯೇ ಕೇಳಿಸುತ್ತದೆ,” ಎಂದರು ಅವರು.

ನಾವಿಬ್ಬರೂ ಹೇಳಲಿಲ್ಲ. ವಾಂತಿ ತಡೆಯುವ ಔಷಧಿಯ ಡೋಸ್ ಸ್ವಲ್ಪ ಹೆಚ್ಚಿಸಿ ಕಳಿಸಿದೆ. ಅದರಿಂದ ಏನೂ ಆಗದೆಂದು ನನಗೆ ಗೊತ್ತಿತ್ತು.

ಐದನೆಯ ವಾರದ ಗುರುವಾರ ಮಧ್ಯಾಹ್ನ ಜಲಜಕ್ಕ ಫೋನ್ ಮಾಡಿದರು. ಪಿಲಿಗೆ ಫಿಟ್ಸ್ ಬಂದಿತ್ತು. ಬ್ಯಾಗ್ ಹಿಡಿದು ಇ-ರಿಕ್ಷಾದಲ್ಲಿ ಹೊರಟೆ. ಮಾರ್ಕೆಟ್ ಹತ್ತಿರ ರಿಕ್ಷಾ ಸಿಕ್ಕಿಕೊಂಡಿತು, ಇಳಿದು ಓಡಿದೆ. ನಾನು ಅವರ ಮನೆ ಮುಟ್ಟುವ ಹೊತ್ತಿಗೆ ಅರ್ಧ ಗಂಟೆಯೇ ಕಳೆದಿತ್ತು. ಪಿಲಿ ಬಚ್ಚಲಿನ ನೆಲದ ಮೇಲೆ ಮೂರನೆಯ ಸಲ ಸೆಟೆದುಕೊಳ್ಳುತ್ತಿತ್ತು. ತನ್ನ ಹಲ್ಲಿಗೇ ಸಿಕ್ಕಿದ ನಾಲಿಗೆಯಿಂದ ರಕ್ತ. ಸಂಜೀವಣ್ಣ ಒದ್ದೆ ನೆಲದಲ್ಲೇ ಕೂತು ಅದರ ತಲೆ ಗೋಡೆಗೆ ಬಡಿಯದಂತೆ ಅಂಗೈ ಅಡ್ಡ ಇಟ್ಟಿದ್ದರು.

“ಕೊಡಿ,” ಎಂದರು. ಅಷ್ಟೇ.

ರಕ್ತನಾಳ ಬತ್ತಿ ಹೋಗಿತ್ತು. ಮೊದಲ ಎರಡು ಚುಚ್ಚು ತಪ್ಪಿದವು. ಮೂರನೆಯದು ಹಿಂಗಾಲಿನಲ್ಲಿ ಸಿಕ್ಕಿತು. ನಿಮಿಷದೊಳಗೆ ಪಿಲಿ ಸಡಿಲವಾಯಿತು. ಸ್ಟೆತಸ್ಕೋಪ್ ಇಟ್ಟು ಕೇಳಿ, ತಲೆಯಾಡಿಸಿದೆ.

ಪಿಲಿಯನ್ನು ಟವೆಲಿನಲ್ಲಿ ಸುತ್ತುತ್ತ ಸಂಜೀವಣ್ಣ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಹೀಗೆ ಆಗುತ್ತದೆ ಅಂತ ಹೇಳಿದ್ದರೆ ನಾನು ಆವತ್ತೇ ಒಪ್ಪುತ್ತಿದ್ದೆ ಡಾಕ್ಟ್ರೇ. ನಾನು ಕೇಳಿದ್ದು ನನ್ನ ವಿಷಯ. ನೀವು ಹೇಳಬೇಕಾದದ್ದು ಇದರ ವಿಷಯ ಅಲ್ವಾ?”

ಕ್ಷಮಿಸಿ ಎಂದೆ. ಅವರು ಟವೆಲ್ ಸರಿಮಾಡುತ್ತಿದ್ದರು, ಕೇಳಿಸಿತೋ ಇಲ್ಲವೋ.

ಮಾರ್ಚಿನಲ್ಲಿ ಜಲಜಕ್ಕ ಒಬ್ಬರೇ ಬಂದರು. ಡಯಾಲಿಸಿಸ್ ಸಾಕು ಎಂದು ಸಂಜೀವಣ್ಣ ಜನವರಿಯಲ್ಲಿ ತಾವೇ ತೀರ್ಮಾನಿಸಿದರಂತೆ. ಆಮೇಲೆ ಒಂಬತ್ತು ದಿನ ಇದ್ದರಂತೆ. ಅದಕ್ಕೂ ಪಿಲಿಗೂ ಸಂಬಂಧವಿತ್ತೇ ಎಂದು ನಾನು ಕೇಳಲಿಲ್ಲ.

ಮುದಿ ಬೆಕ್ಕಿನ ವರದಿ ಬಂದಾಗ ಈಗ ನಾನು ಕುರ್ಚಿ ಎಳೆದು ಕೂತು, ಮುಂದಿನ ವಾರಗಳಲ್ಲಿ ಆ ಪ್ರಾಣಿಗೆ ಏನೇನಾಗಬಹುದೆಂದು ಮೊದಲ ದಿನವೇ ಹೇಳುತ್ತೇನೆ, ಫಿಟ್ಸ್ ಸಹಿತ. ಎದುರಿಗಿದ್ದವರು ಅಳುತ್ತಾರೆ, ಕೆಲವರು ಬೈದು ಬೇರೆ ವೈದ್ಯರ ಹತ್ತಿರ ಹೋಗುತ್ತಾರೆ. ಹೇಳಿದ್ದರಿಂದ ಒಂದು ಬೆಕ್ಕೂ ಉಳಿದಿಲ್ಲ. ಆದರೆ ಮೇಜಿನ ಮೇಲೆ ಮಲಗಿರುವುದೇ ನನ್ನ ರೋಗಿ, ಅದರ ಪರವಾಗಿ ಮಾತಾಡಲು ಆ ಕೋಣೆಯಲ್ಲಿ ನನ್ನನ್ನು ಬಿಟ್ಟು ಯಾರೂ ಇಲ್ಲ. ಇಷ್ಟನ್ನು ಕಲಿಯಲು ನಾನು ತೆಗೆದುಕೊಂಡ ಐದು ವಾರಗಳನ್ನು ಅನುಭವಿಸಿದ್ದು ಪಿಲಿ.