ಬಿಚ್ಚಮ್ಮನ ಕೆಂಪು ದಾರ

ನಮ್ಮ ನೇಯ್ಗೆ ಶಾಲೆಯಲ್ಲಿ ಅವಳನ್ನು ನಿಜವಾದ ಹೆಸರಿನಿಂದ ಕರೆಯುತ್ತಿದ್ದುದು ಸಂಬಳದ ದಿನ ಮಾತ್ರ. ಉಳಿದ ದಿನಗಳಲ್ಲಿ ಎಲ್ಲರಿಗೂ ಅವಳು ಬಿಚ್ಚಮ್ಮ, ಮಗ್ಗದ ಕೋಣೆಯ ಟೀಚರು. ಯಾರು ಏನು ನೇಯ್ದು ತಂದು ಮುಂದೆ ಹಿಡಿದರೂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸುವಳು, ಬಟ್ಟೆಯನ್ನು ತಿರುವಿ ಹಿಂಬದಿ ನೋಡುವಳು, ಆಮೇಲೆ ಒಂದೇ ಮಾತು: "ಬಿಚ್ಚು." ಅಳುವವರು ಅಳುತ್ತಿದ್ದರು, ಮೂಗು ಮುರಿಯುವವರು ಮುರಿಯುತ್ತಿದ್ದರು. ಅವಳು ತಲೆ ಎತ್ತದೆ ಹೇಳುವಳು: "ಬಿಚ್ಚಿ ಯಾರೂ ಸತ್ತಿಲ್ಲ. ಹೋಗು."

ನಾನು ಪಕ್ಕದ ಬಣ್ಣದ ಕೋಣೆಯವಳು. ಮಕ್ಕಳು ನನ್ನನ್ನು ಹಂಡೆ ಮೇಡಂ ಎನ್ನುತ್ತಾರೆ. ಬಣ್ಣ ಕುದಿಸುವ ಹಂಡೆಗಳಿಂದಾಗಿಯೋ ನನ್ನ ಆಕಾರದಿಂದಾಗಿಯೋ ಎಂದು ಕೇಳಲು ಹೋಗಿಲ್ಲ. ಎರಡೂ ಕೋಣೆಗಳ ನಡುವಿನ ಬಾಗಿಲು ಎಂದೋ ಊದಿಕೊಂಡು ಮುಚ್ಚಲಾಗದಂತಾಗಿದೆ. ಹಾಗಾಗಿ ಅವಳ ಬೈಗುಳ ನನ್ನ ಕಡೆಗೆ, ನನ್ನ ಹಬೆ ಅವಳ ಕಡೆಗೆ ಹರಿದಾಡುತ್ತ ನಮ್ಮಿಬ್ಬರ ಆಯುಷ್ಯ ಅಲ್ಲೇ ಸವೆದಿದೆ.

ಕಡೆಯ ವರ್ಷದ ಮಕ್ಕಳು ಒಬ್ಬೊಬ್ಬರೂ ಒಂದೊಂದು ದೊಡ್ಡ ಬಟ್ಟೆ ನೇಯಬೇಕು. ವಿಷಯ ಅವರವರದೇ. ಈ ವಿಷಯ ಎಂಬ ಮಾತು ಕೇಳಿದರೆ ಈಗ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಪ್ರತಿ ವರ್ಷವೂ ಒಬ್ಬರಾದರೂ ಕಡಲ ಅಲೆ ನೇಯುತ್ತಾರೆ. ಇನ್ನೊಬ್ಬರು ತಮ್ಮ ಮನಸ್ಸಿನ ತಳಮಳ ನೇಯುತ್ತಾರೆ. ತಳಮಳಕ್ಕೆ ಯಾವಾಗಲೂ ನೇರಳೆ ಬಣ್ಣವೇ ಯಾಕೆ ಬೇಕೋ ನಾನರಿಯೆ. ನೋಡಿದರೆ ಗೋಣಿತಾಟಿನ ಹಾಗಿರುತ್ತದೆ, ಆದರೆ ನೇಯ್ದವರು ಅದನ್ನು ಎದೆಗೆ ಅವುಚಿಕೊಂಡೇ ಓಡಾಡುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಪ್ರದರ್ಶನಕ್ಕೆ ಬಂದವರಿಗೆ ಗೋಡೆಯ ಮೇಲಿನ ಬಟ್ಟೆಯಷ್ಟೇ ಕಾಣುತ್ತದೆ. ಅದರ ಹಿಂದಿನ ಕೆಲಸ ಕಾಣುವುದು ನಮಗೆ. ಮಗ್ಗದ ಉದ್ದಕ್ಕೆ ಎಳೆ ಹಾಸುವುದರಲ್ಲೇ ಸೊಂಟ ಬಿದ್ದುಹೋಗುತ್ತದೆ. ಒಂದು ಎಳೆ ಮಗ್ಗದಲ್ಲಿ ತನ್ನ ತೂತು ಬಿಟ್ಟು ಪಕ್ಕದ ತೂತಿಗೆ ಹೊಕ್ಕರೂ ಆ ತಪ್ಪು ಬಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ಗೆರೆಯಾಗಿ ಓಡುತ್ತದೆ. ನಿನ್ನೆ ಬಂದ ಬಣ್ಣ ಇವತ್ತು ಬರುವುದಿಲ್ಲ. ಮಗ್ಗದ ಕೆಳಗೇ ನಿದ್ದೆಹೋದ ಹುಡುಗಿಯರನ್ನು ನಾನು ಕಾಲಿನಿಂದ ತಟ್ಟಿ ಎಬ್ಬಿಸಿದ್ದೇನೆ. ಇಷ್ಟೆಲ್ಲ ಆದ ಮೇಲೆ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ನಿಂತು, ಈ ಕೆಲಸದಿಂದ ತಾವು ಕಲಿತದ್ದೇನು ಎಂದು ಹೇಳಬೇಕು. ಎಲ್ಲರೂ ಹೇಳುವುದು ಒಂದೇ: "ತಾಳ್ಮೆ ಕಲಿತೆ." ಬಿಚ್ಚಮ್ಮ ನನ್ನ ಕಿವಿಯಲ್ಲಿ ಗೊಣಗುವಳು: "ಕಲಿತಿದ್ದು ಇವರಲ್ಲ, ನಾವು."

ಬಿಚ್ಚು ಎಂಬ ಮಾತು ಅವಳ ಸ್ವಂತದ್ದಲ್ಲ. ಅವಳ ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಹೇಳಿಕೊಡುತ್ತಿದ್ದ ಹೆಂಗಸು. ಊರ ಹುಡುಗಿಯರಿಗೆಲ್ಲ ಅಷ್ಟಿಷ್ಟು ಹೊಗಳಿಕೆ ಸಿಗುತ್ತಿತ್ತು, ಮಗಳಿಗೆ ಮಾತ್ರ ಬಿಚ್ಚು ಎಂಬುದೊಂದೇ. "ಒಂದ್ಸಲ, ಒಂದೇ ಒಂದ್ಸಲ ಚೆನ್ನಾಗಿದೆ ಅಂದಿಲ್ಲ ಕಣೇ," ಎಂದು ಬಿಚ್ಚಮ್ಮ ನನ್ನ ಬಳಿ ಹೇಳಿದ್ದಳು. ದೂರು ಎಂಬಂತೆಯೂ ಅಲ್ಲ. ಬಹಳ ದಿನದಿಂದ ಇರುವ ಮಂಡಿನೋವಿನ ವಿಷಯ ಹೇಳುವ ಹಾಗೆ.

ಈಗ ಆ ಅಮ್ಮನಿಗೆ ಮರೆವು. ಮಗಳ ಗುರುತೂ ಹತ್ತುವುದಿಲ್ಲ. ನೆನಪು ಹೋದರೂ ಬೆರಳುಗಳ ಚಡಪಡಿಕೆ ಹೋಗಿಲ್ಲ. ಹೊದಿಕೆಯ ಎಳೆ ಕೀಳುವುದು, ದಿಂಬಿನ ಹೊಲಿಗೆ ಬಿಡಿಸುವುದು, ಏನೂ ಸಿಗದಿದ್ದರೆ ತಮ್ಮದೇ ಮೊಣಕೈಯ ಚರ್ಮವನ್ನು ರಕ್ತ ಬರುವವರೆಗೆ ಕೆರೆಯುವುದು. ಹಗಲು ಹೊತ್ತು ನೋಡಿಕೊಳ್ಳುತ್ತಿದ್ದ ಚಿಕ್ಕಮ್ಮನಿಗೆ ಕಿವಿ ಮಂದ, ಜೊತೆಗೆ ಅವರಿಗೂ ವಯಸ್ಸಾಗಿತ್ತು. ರಾತ್ರಿಯ ಪಾಳಿ ಬಿಚ್ಚಮ್ಮನದು. ಬೆಳಗ್ಗೆ ಶಾಲೆಗೆ ಬರುವಾಗ ಅವಳ ಮುಖ ಹಿಂಡಿಟ್ಟ ಬಟ್ಟೆಯಂತಿರುತ್ತಿತ್ತು.

ಉಪಾಯ ಸಿಕ್ಕಿದ್ದು ಆಕಸ್ಮಿಕವಾಗಿ. ಮಕ್ಕಳು ಕೆಡಿಸಿ ಬಿಸಾಕಿದ ಅಭ್ಯಾಸದ ಬಟ್ಟೆಯೊಂದು ಅವಳ ಚೀಲದಲ್ಲಿ ಮನೆಗೆ ಹೋಗಿತ್ತು. ಅಮ್ಮ ಅದನ್ನು ಎಳೆದುಕೊಂಡು ಅಡ್ಡ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಉಂಡೆ ಸುತ್ತಿದರು. ಸುತ್ತುವಷ್ಟು ಹೊತ್ತೂ ಮನೆಯಲ್ಲಿ ಶಾಂತಿ. ಅಂದಿನಿಂದ ಅದೇ ಪದ್ಧತಿಯಾಯಿತು. ಕೆಟ್ಟ ಬಟ್ಟೆಯ ಮೂಲೆಗೆ ಬಿಚ್ಚಮ್ಮ ಕೆಂಪು ದಾರ ಕಟ್ಟುವಳು. ಕೆಂಪು ದಾರ ಕಂಡರೆ ಅದು ಬಿಚ್ಚುವ ಬಟ್ಟೆ. ಸಂಜೆ ಅವೆಲ್ಲ ಚೀಲ ಸೇರಿ ಮನೆಗೆ ಹೋಗುವವು, ವಾರದ ಕೊನೆಗೆ ಉಂಡೆಗಳಾಗಿ ಶಾಲೆಗೆ ಮರಳುವವು. ಅದೇ ನೂಲಿನಲ್ಲಿ ಹೊಸ ಮಕ್ಕಳು ಮತ್ತೆ ಕೆಡಿಸುವರು. ಶಾಲೆಯಿಂದ ಏನೂ ಹೊರಗೆ ಒಯ್ಯಬಾರದೆಂಬ ನಿಯಮವಿತ್ತು. ಟೀಚರುಗಳಿಗೆಲ್ಲ ಈ ಚೀಲದ ವಿಷಯ ಗೊತ್ತಿತ್ತು, ಆದರೆ ಯಾರೂ ನೋಡಿರಲಿಲ್ಲ.

ಆ ವರ್ಷ ಗುಂಗುರು ಎಂದೊಬ್ಬ ಹುಡುಗಿ ಇದ್ದಳು. ತಲೆಗೂದಲಿನಿಂದ ಬಂದ ಹೆಸರು. ಅವಳಪ್ಪ ಬಸ್ಸಿನ ಡ್ರೈವರು. ಬೆಳಗಿನ ಜಾವದ ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತಾಗ ಮುಂದಿನ ಗಾಜಿನಲ್ಲಿ ಕಾಣುತ್ತಿದ್ದ ರಸ್ತೆಯನ್ನು ನೇಯುತ್ತೇನೆಂದು ಹಟ ಹಿಡಿದಳು. ಕಡಲೂ ಅಲ್ಲ, ತಳಮಳವೂ ಅಲ್ಲ. ನನಗೆ ಅಲ್ಲೇ ಅರ್ಧ ಇಷ್ಟವಾಯಿತು. ಆದರೆ ರಸ್ತೆಗೆ ಬೇಕಾದದ್ದು ಬೂದು, ಅದರಲ್ಲೂ ಒಂದಕ್ಕೊಂದು ಕೂದಲೆಳೆಯಷ್ಟು ಬೇರೆಯಾದ ಹಲವು ಬೂದು. ಬೂದು ಬಣ್ಣದಷ್ಟು ಮೋಸದ ಬಣ್ಣ ಇನ್ನೊಂದಿಲ್ಲ. ಹಂಡೆಯಲ್ಲಿ ಬೂದು, ಒಣಗಿದರೆ ಹಸಿರು. ಅವಳು ನನ್ನ ಕೋಣೆಯಲ್ಲಿ ಜೀವ ತೇಯ್ದಳು, ನನ್ನದನ್ನೂ ತೇಯ್ದಳು. ಕೊನೆಗೆ ಬಂದ ಬಣ್ಣಗಳು ಮಾತ್ರ ನಿಜಕ್ಕೂ ಇರುಳು ಹೋಗಿ ಬೆಳಕು ಬರುವ ಹೊತ್ತಿನವು.

ಬಟ್ಟೆ ಮಗ್ಗದಿಂದ ಇಳಿದ ದಿನ ಬಿಚ್ಚಮ್ಮ ಅದರ ಹಿಂಬದಿ ನೋಡಿದಳು. ಬಹಳ ಹೊತ್ತು ನೋಡಿದಳು. ಬಿಚ್ಚು ಎನ್ನಲಿಲ್ಲ. "ತುದಿ ಎಳೆಗಳಿಗೆ ಗಂಟು ಹಾಕು," ಎಂದಷ್ಟೇ ಹೇಳಿದಳು. ಗುಂಗುರು ನನ್ನ ಕೋಣೆಗೆ ಓಡಿಬಂದು ನನ್ನನ್ನು ತಬ್ಬಿಕೊಂಡಳು.

ಗಂಟು ಹಾಕುವ ಕೆಲಸ ಎರಡು ದಿನದ ರಜೆ ಮುಗಿದ ಮೇಲೆ ಎಂದು ಹುಡುಗಿ ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟಳು. ಎರಡು ತುದಿಯೂ ಬೂದು, ಮೇಲಿನದು ಯಾವುದು ಎಂದು ತಪ್ಪಿಹೋದೀತೆಂದು ಗುರುತಿಗೆ ಒಂದು ದಾರ ಕಟ್ಟಿದಳು. ಕಿಟಕಿಯ ಬಳಿ ಕೈಗೆ ಸಿಕ್ಕಿದ್ದು ಬಿಚ್ಚಮ್ಮನ ಕೆಂಪು ದಾರ. ಅದರ ಅರ್ಥ ಮಕ್ಕಳಿಗೆ ಗೊತ್ತಿರಲಿಲ್ಲ.

ಹಿಂದಿನ ರಾತ್ರಿಯಿಡೀ ಬಿಚ್ಚಮ್ಮನ ಅಮ್ಮ ಮಲಗಿರಲಿಲ್ಲ, ಮಗಳೂ ಮಲಗಿರಲಿಲ್ಲ. ಅಂದು ಸಂಜೆ ಬಿಚ್ಚಮ್ಮ ಮೇಜಿನ ಮೇಲೆ ಕೆಂಪು ದಾರ ಕಂಡದ್ದನ್ನೆಲ್ಲ ಎತ್ತಿ ಚೀಲಕ್ಕೆ ತುಂಬಿದಳು. ರೂಢಿಯಾದ ಕೆಲಸಕ್ಕೆ ಕೈ ಸಾಕು, ಕಣ್ಣು ಬೇಡ.

ರಜೆ ಮುಗಿದ ಬೆಳಗ್ಗೆ ಗುಂಗುರು ಬಟ್ಟೆ ಹುಡುಕತೊಡಗಿದಳು. "ಇಲ್ಲೇ ಇಟ್ಟಿದ್ದೆ, ಕೆಂಪು ದಾರ ಕಟ್ಟಿ," ಎಂದಳು. ಬಿಚ್ಚಮ್ಮನ ಮುಖ ಸುಣ್ಣದಂತಾಯಿತು. ನನ್ನ ರಟ್ಟೆ ಹಿಡಿದು ಹೊರಗೆಳೆದಳು. ಇಬ್ಬರೂ ಅವಳ ಮನೆಗೆ ಓಡಿದೆವು.

ಕಿಟಕಿಯ ಬಳಿ ಅಮ್ಮ ಕೂತಿದ್ದರು. ಮಡಿಲಲ್ಲಿ ಬೂದು ಉಂಡೆಗಳು, ಎಲ್ಲವೂ ನನ್ನ ಹಂಡೆಯಿಂದ ಬಂದವು. ಬಟ್ಟೆ ಗೇಣುದ್ದ ಉಳಿದಿತ್ತು. ನಮ್ಮನ್ನು ನೋಡಿ ಅಮ್ಮ ನಕ್ಕರು. "ಎಷ್ಟು ಸಲೀಸಾಗಿ ಬಿಚ್ಚಿಕೊಳ್ತಿದೆ ನೋಡಿ," ಎಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೆ ಈ ದೊಣ್ಣೆಯನ್ನು ಬೈಯುವುದಾದರೂ ಹೇಗೆ? ಬಿಚ್ಚಮ್ಮ ಉಂಡೆಗಳನ್ನೂ ಉಳಿದ ತುಂಡನ್ನೂ ಮೆಲ್ಲಗೆ ಚೀಲಕ್ಕೆ ತುಂಬಿದಳು. ಚಿಕ್ಕಮ್ಮ ಏನೂ ಕೇಳಿಸದೆ, "ಎರಡು ದಿನದಿಂದ ಊಟಕ್ಕೂ ಏಳದೆ ಕೂತಿದ್ದಾಳೆ, ಪಾಪ, ಎಷ್ಟು ಖುಷಿಯಾಗಿದ್ದಾಳೆ," ಎಂದರು.

ಶಾಲೆಗೆ ಮರಳಿ ಬಿಚ್ಚಮ್ಮ ಹುಡುಗಿಗೆ ಎಲ್ಲವನ್ನೂ ಹೇಳಿದಳು. ಅಮ್ಮನ ಮರೆವು, ರಕ್ತ ಬರುವ ಮೊಣಕೈ, ಚೀಲ, ಕೆಂಪು ದಾರ. ಗುಂಗುರು ಅಳುತ್ತಾಳೆಂದುಕೊಂಡಿದ್ದೆ. ಅವಳು ಉಂಡೆಯೊಂದನ್ನು ಕೈಯಲ್ಲಿ ಒತ್ತಿ ನೋಡಿದಳು.

"ಎಳೆ ಎಲ್ಲಾದ್ರೂ ಹರಿದಿದೆಯಾ, ಮೇಡಂ?"

"ಇಲ್ಲ," ಎಂದಳು ಬಿಚ್ಚಮ್ಮ.

"ಮತ್ತೆ ನೇಯ್ತೀನಿ. ಬಿಚ್ಚಿ ಯಾರೂ ಸತ್ತಿಲ್ಲ ಅಂತ ನೀವೇ ಹೇಳ್ತೀರಲ್ಲ." ಉಂಡೆಯನ್ನು ಕೆಳಗಿಟ್ಟು, "ಯಾರಿಗೂ ಹೇಳ್ಬೇಡಿ. ಹೇಳಿದ್ರೆ ಚೀಲ ನಿಲ್ಲಿಸ್ತಾರೆ. ಅಜ್ಜಿ ಕೈಗೆ ಆಮೇಲೆ ಏನು ಕೊಡ್ತೀರಿ?" ಎಂದಳು.

ನೇಯ್ದು ಬಿಚ್ಚಿದ ನೂಲು ಗುಂಗುರು ಕೂದಲಿನ ಹಾಗೇ ಸುರುಳಿಯಾಗಿರುತ್ತದೆ. ನಾನು ಅದನ್ನೆಲ್ಲ ಹಬೆಯಲ್ಲಿ ನೇರಮಾಡಿ ಕೊಟ್ಟೆ. ಬಟ್ಟೆ ವಿದ್ಯಾರ್ಥಿಯ ಕೈಯಿಂದಲೇ ಆಗಬೇಕೆಂಬುದು ಕಟ್ಟುನಿಟ್ಟು. ಹಾಗಾಗಿ ಬಿಚ್ಚಮ್ಮ ಮಗ್ಗ ಮುಟ್ಟದೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದಳು. ಎಲ್ಲೋ ಒಂದು ಎಳೆ ಸಡಿಲ ಬಿದ್ದರೆ ಅವಳ ತುಟಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಪರೀಕ್ಷೆಯ ದಿನ ಬಂದಾಗ ರಸ್ತೆ ಅರ್ಧವೇ ಆಗಿತ್ತು.

ಪರೀಕ್ಷಕಿ ಬಟ್ಟೆಯ ಮುಂದೆ ನಿಂತರು. "ಬಣ್ಣ ಚೆನ್ನಾಗಿದೆ. ಆದ್ರೆ ಅರ್ಧವೇ ಇದೆಯಲ್ಲಮ್ಮ?" ಎಂದರು. ಅಳತೆಗಿಂತ ಕಡಿಮೆಯಾದರೆ ವರ್ಷವೇ ಹೋದಂತೆ ಎಂದು ಶಾಲೆಯ ಮುಖ್ಯಸ್ಥೆ ನೆನಪಿಸಿದರು.

"ಸಮಯ ಸಾಲಲಿಲ್ಲ," ಎಂದಳು ಗುಂಗುರು, ನೆಲ ನೋಡುತ್ತ.

ನಿಜ ಹೇಳುತ್ತೇನೆ, ಆ ಕ್ಷಣ ಬಿಚ್ಚಮ್ಮ ಬಾಯಿಗೆ ಬೀಗ ಹಾಕಿಕೊಳ್ಳಲಿ ಎಂದೇ ನಾನು ಹಾರೈಸಿದೆ. ಹುಡುಗಿಗೆ ಚಿಕ್ಕ ವಯಸ್ಸು, ಇನ್ನೊಂದು ವರ್ಷ ನೇಯ್ದರೂ ಬದುಕುತ್ತಾಳೆ. ಇವಳಿಗೆ ಒಂದು ರಾತ್ರಿಯ ನಿದ್ದೆ ಬೇಕು. ಆದರೆ ಬಿಚ್ಚಮ್ಮ ಎದ್ದು ನಿಂತಳು.

"ಅವಳು ಪೂರ್ತಿ ನೇಯ್ದಿದ್ಲು. ನಾನು ಮನೆಗೆ ತಗೊಂಡು ಹೋದೆ. ನಮ್ಮಮ್ಮ ಬಿಚ್ಚಿಬಿಟ್ರು," ಎಂದಳು. ಉಳಿದಿದ್ದ ಉಂಡೆಗಳನ್ನೂ ಆ ಗೇಣುದ್ದ ತುಂಡನ್ನೂ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಪರೀಕ್ಷಕಿ ತುಂಡನ್ನು ತಿರುವಿ ಹಿಂಬದಿ ನೋಡಿದರು, ಸುರುಳಿ ಬಿದ್ದ ನೂಲನ್ನು ಎಳೆದು ನೋಡಿದರು. ಈ ಕೆಲಸದಿಂದ ಕಲಿತದ್ದೇನು ಎಂದು ಹುಡುಗಿಯನ್ನು ಕೇಳಿದರು. "ಮೊದಲನೇದೇ ಚೆನ್ನಾಗಿತ್ತು," ಎಂದಳು ಗುಂಗುರು. ತಾಳ್ಮೆಯ ಹೆಸರೆತ್ತಲಿಲ್ಲ. ಪಾಸು ಮಾಡಿದರು.

ಮುಖ್ಯಸ್ಥೆ ಕೆಟ್ಟವರಲ್ಲ. ಸಂಜೆ ಬಿಚ್ಚಮ್ಮನನ್ನು ಕರೆದು ಮೆಲ್ಲಗೇ ಹೇಳಿದರು: "ಇಷ್ಟು ದಿನ ನಾನೂ ಕಂಡೂ ಕಾಣದ ಹಾಗಿದ್ದೆ. ಈಗ ಎಲ್ಲರ ಮುಂದೆ ಆಡಿಬಿಟ್ರಿ. ಇನ್ಮೇಲೆ ಒಂದು ಎಳೆಯೂ ಹೊರಗೆ ಹೋಗೋ ಹಾಗಿಲ್ಲ." ಬಿಚ್ಚಮ್ಮ ತಲೆಯಾಡಿಸಿ ಬಂದು ಖಾಲಿ ಚೀಲವನ್ನು ಮೊಳೆಗೆ ನೇತುಹಾಕಿದಳು.

ಆಮೇಲಿನ ದಿನಗಳು ಕೆಟ್ಟವು. ಅಂಗಡಿಯಿಂದ ಬಟ್ಟೆ ಕೊಂಡು ಕೊಟ್ಟಳು. ಮಿಲ್ಲಿನ ಬಟ್ಟೆ ಬಿಗಿ, ಎಳೆ ಬರದೆ ಅಮ್ಮ ಸಿಟ್ಟಿನಿಂದ ಅದಕ್ಕೆ ಹಲ್ಲು ಹಾಕಿದರು. ನನ್ನ ಹಳೆಯ ಸ್ವೆಟರು ಕೊಟ್ಟೆ. ಅದು ಒಂದೇ ಎಳೆಯಲ್ಲಿ ಸರಸರ ಬಿಚ್ಚಿಹೋಗಿ ಅಮ್ಮ ಅಳುತ್ತ ಕೂತರು. ಮೊಣಕೈಗೆ ಮತ್ತೆ ಪಟ್ಟಿ ಬಂತು. ಶಾಲೆಯಲ್ಲಿ ಬಿಚ್ಚಮ್ಮ ನಿಂತಲ್ಲೇ ತೂಕಡಿಸುತ್ತಿದ್ದಳು. ಯಾರೋ ಹುಡುಗ ತಂದು ತೋರಿಸಿದ ಗೋಣಿತಾಟಿಗೆ "ಆಯ್ತು, ಸಾಕು" ಎಂದುಬಿಟ್ಟಳು. ಅದನ್ನು ಕೇಳಿ ನನಗೆ ನಿಜವಾಗಿಯೂ ಭಯವಾಯಿತು.

ಒಂದು ಸಂಜೆ ಹೋದಾಗ ಅವಳ ಮನೆಯ ಮೂಲೆಯಲ್ಲಿ ಒಂದು ಪುಟ್ಟ ಕೈಮಗ್ಗ ಕಂಡಿತು. ಊಟದ ಮೇಜಿನಷ್ಟೂ ಅಗಲವಿಲ್ಲ. ಬಿಚ್ಚಮ್ಮ ಅದರ ಮುಂದೆ ಕೂತು ನೇಯುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳು ತನ್ನದೆಂದು ಏನನ್ನಾದರೂ ನೇಯ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಸಾದಾ ಬಿಳಿ ಬಟ್ಟೆ. ಅಂಚು ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು.

"ಇದೇನೇ ಇದು?"

"ಅಮ್ಮನಿಗೆ. ಸಂಜೆ ನೇಯ್ದಿಟ್ರೆ ಮರುದಿನ ಬಿಚ್ಚೋಕೆ ಆಗುತ್ತೆ."

ನನಗೆ ರೇಗಿತು. ದಿನವಿಡೀ ಶಾಲೆಯಲ್ಲಿ ದುಡಿದು ಬಂದು, ಬೀಳಲಿಕ್ಕೆ ಜಾಗ ಹುಡುಕುವ ಹೊತ್ತಿನಲ್ಲಿ, ನಾಳೆ ಇಲ್ಲವಾಗುವ ಬಟ್ಟೆ! "ಹೇಗೂ ಬಿಚ್ಚೋದು ತಾನೇ? ಅಂಚು ಇಷ್ಟು ನೀಟಾಗಿ ಯಾಕೆ ಬೇಕು? ಹೇಗೋ ಒಂದು ನೇಯ್ದು ಬಿಸಾಕು," ಎಂದೆ.

"ಹೇಗೋ ನೇಯೋಕೆ ಬರಲ್ಲ ನನಗೆ," ಎಂದಳು. ಬಟ್ಟೆಯನ್ನು ಮಗ್ಗದಿಂದ ಕತ್ತರಿಸಿ, ಎದ್ದು, ಅಮ್ಮನ ಮಡಿಲಲ್ಲಿಟ್ಟಳು.

ಅಮ್ಮ ಕೂಡಲೇ ಎಳೆ ಕೀಳಲಿಲ್ಲ. ಬಟ್ಟೆಯನ್ನು ತಿರುವಿದರು, ಹಿಂಬದಿ ನೋಡಿದರು, ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು.

"ಯಾರು ನೇಯ್ದಿದ್ದು?"

"ನಾನೇ."

ಅಮ್ಮ ತಲೆಯೆತ್ತಿ ಮಗಳ ಮುಖವನ್ನು ದಿಟ್ಟಿಸಿದರು. ಗುರುತು ಹತ್ತಲಿಲ್ಲ.

"ಪರವಾಗಿಲ್ಲ," ಎಂದರು. "ಆದ್ರೆ ನನ್ನ ಮಗಳು ಮಾಡಿದ್ದು ನೋಡ್ಬೇಕು ನೀನು. ಅವಳ ಕೈ ಬೇರೆ ಯಾರಿಗೂ ಬರಲ್ಲ. ಅವಳಿಗೆ ಹೇಳೋಕೆ ಹೋಗ್ಬೇಡ ಮತ್ತೆ, ಹೊಗಳಿದ್ರೆ ಕೆಟ್ಟುಹೋಗ್ತಾಳೆ." ಬಟ್ಟೆಯನ್ನು ಅವಳ ಕೈಗೇ ವಾಪಸು ಕೊಟ್ಟರು. "ಬಿಚ್ಚು."

ಬಿಚ್ಚಮ್ಮ ಅಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತು ಎಳೆಯ ತುದಿ ಹುಡುಕತೊಡಗಿದಳು. ಬಿಳಿಯ ಮೇಲೆ ಬಿಳಿ ಎಳೆ, ಕಣ್ಣು ಬೇರೆ ತುಂಬಿತ್ತು, ತುದಿ ಬೇಗ ಸಿಗಲಿಲ್ಲ.